ಸಂಜೆಯವರೆಗಿನ ಗ್ಲೌಸು

ಅಪ್ಪಾ,

ನಮಸ್ಕಾರ. ನಾಲ್ಕು ಭಾಷೆ ಬರುತ್ತದೆಂಬ ಒಂದೇ ಕಾರಣಕ್ಕೆ ನನಗೆ ಬಡ್ತಿ ಸಿಕ್ಕಿದೆ. ದಯವಿಟ್ಟು ಊರೆಲ್ಲ ಡಂಗುರ ಸಾರಬೇಡಿ.

ಮೊನ್ನೆ ವಿದೇಶದ ಖರೀದಿದಾರರು ನಮ್ಮ ಕಾರ್ಖಾನೆಯಲ್ಲಿ ಬಟ್ಟೆಗೆ ಬಣ್ಣ ಹಾಕುವುದನ್ನು ನೋಡಲು ಬಂದಿದ್ದರು. ಮಾತು ದಾಟಿಸಲು ನಾನಿದ್ದೆ. ಬಣ್ಣದ ತೊಟ್ಟಿಯ ಬಳಿ ಕೆಲಸದ ಒಬ್ಬ ಹೆಂಗಸು ನನ್ನನ್ನು ತಡೆದು, ನಮ್ಮ ಮನೆಮಾತಿನಲ್ಲೇ, "ಈ ಗ್ಲೌಸು ಇವರ ಕಣ್ಣಿಗೆ ಕಾಣಲಿ ಅಂತ ಇವತ್ತು ಕೊಟ್ಟಿದ್ದು, ಸಂಜೆ ಕಿತ್ಕೋತಾರೆ. ಕೈ ಚರ್ಮ ಸುಲೀತಿದೆ, ಇವರಿಗೆ ಹೇಳಮ್ಮಾ" ಎಂದಳು. ಯಜಮಾನರ ಕಣ್ಣು ನನ್ನ ಮೇಲಿತ್ತು. "ಗ್ಲೌಸು ತುಂಬಾ ಚೆನ್ನಾಗಿದೆಯಂತೆ" ಎಂದು ಖರೀದಿದಾರರ ಭಾಷೆಯಲ್ಲಿ, ಒಂದು ಉಚ್ಚಾರವೂ ತಪ್ಪದಂತೆ ಹೇಳಿದೆ. ಅವರು ನಕ್ಕು ತಲೆಯಾಡಿಸಿದರು. ಪಾಪ, ಅವಳೂ ನಕ್ಕಳು.

ಸಂಜೆ ಮೇಸ್ತ್ರಿ ಗ್ಲೌಸು ವಾಪಸು ತುಂಬಿಕೊಳ್ಳಲು ಚೀಲ ಹಿಡಿದು ಬಂದಾಗ ಆ ಹೆಂಗಸು, "ಬೆಳಿಗ್ಗೆ ಬಂದಿದ್ದೋರು ಇದು ನಮ್ಮ ಹತ್ರಾನೇ ಇರಲಿ ಅಂತ ಒಪ್ಕೊಂಡಿದ್ದಾರೆ, ಬೇಕಾದ್ರೆ ಮೇಡಮ್ಮನ್ನ ಕೇಳು" ಎಂದು ನನ್ನತ್ತ ಕೈ ತೋರಿಸಿದಳು. ಮೇಸ್ತ್ರಿ ಚೀಲವನ್ನು ನನ್ನ ಕೈಗೇ ಕೊಟ್ಟ. ನಾನು ಅದರ ಬಾಯಿ ಅಗಲಿಸಿ ಹಿಡಿದೆ, ಅಪ್ಪಾ.

ಥೂ. ನನ್ನ ನಾಲಿಗೆ ನನಗೇ ಹೇಸಿಗೆ.

ನಿಮ್ಮ ಭಾಷಾ ತರಗತಿಯ ಗೋಡೆಯಿಂದ ನನ್ನ ಫೋಟೋ ನಾಳೆಯೇ ತೆಗೆಸಿ. ಮಕ್ಕಳು ಯಾಕೆಂದು ಕೇಳಿದರೆ ಈ ಕಾಗದವನ್ನೇ ಓದಿಬಿಡಿ. ಒಂದಕ್ಷರವೂ ಬದಲಿಸಬೇಡಿ.

ಇಂತಿ,
ನಿಮ್ಮ ಮಗಳು