ಕಪ್ಪು ಬಳಿದ ಕೊಳವೆ

ತೋಕಾಮಾಚಿ
ಮಾರ್ಚ್ ೧೫, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಮಿಯಾಜಾಕಿಯಲ್ಲಿ ಆಗಲೇ ಕೋಟು ಬೇಡವಾಗಿದೆ, ನೀವು ಬೆಳಗ್ಗೆ ಬಂದರಿನ ತನಕ ನಡೆದು ಬರುತ್ತೀರಿ ಎಂದು ಸುಮಿರೆ ಅಕ್ಕ ಫೋನಿನಲ್ಲಿ ಹೇಳಿದಳು. 'ಅಪ್ಪ ಇಲ್ಲಿ ಚಿಗುರಿಬಿಟ್ಟಿದ್ದಾರೆ ಕಣೋ, ಎಲ್ಲಾ ಬಿಸಿಲಿನ ಗುಣ' ಎಂದಳು. ಅಲ್ಲಿನ ಸೋಯಾ ಸಾಸ್ ಸಿಹಿ ಎಂದು ನೀವು ಪ್ರತಿ ಪತ್ರದಲ್ಲೂ ದೂರುತ್ತೀರಿ. ಒಂದು ವರ್ಷವಾದರೂ ನಾಲಿಗೆ ಒಪ್ಪಿಲ್ಲವೆಂದರೆ ಇನ್ನು ಒಪ್ಪುವುದಿಲ್ಲ. ನಮ್ಮ ಕಡೆಯದು ಎರಡು ಬಾಟಲಿ ಕಳಿಸಿದ್ದೇನೆ, ಅಕ್ಕನ ಕಣ್ಣಿಗೆ ಬೀಳದಂತೆ ಇಟ್ಟುಕೊಳ್ಳಿ. ಇಲ್ಲಿ ಹಿಮ ಕಿಟಕಿಯ ಮಟ್ಟಕ್ಕೆ ಇಳಿದಿದೆ. ನಿಮ್ಮ ಸೊಸೆ ರಿತ್ಸುಕೊ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ, ಹೋದ ವಾರಕ್ಕಿಂತ.

ನೀವು ಬರೆದು ಕಳಿಸಿದ ಪಟ್ಟಿ ತಲುಪಿತು. ಕಾಮಿದಾನಿ ಹಳ್ಳಿಯಿಂದ ಶುರುಮಾಡಿ ನಮ್ಮ ಮಾರಾಟದ ಗಾಡಿ ಸುತ್ತುವ ಮೂವತ್ತೆರಡು ಮನೆ. ಯಾವ ತಿರುವಿನಲ್ಲಿ ಗಾಡಿ ನಿಲ್ಲಿಸಬೇಕು, ಯಾರಿಗೆ ಗಟ್ಟಿ ತೋಫು, ಯಾರಿಗೆ ಮೆತ್ತನೆಯದು, ಯಾರ ಮನೆಗೆ ಮೀನಿನ ತಲೆ ತೆಗೆದು ಕೊಡಬೇಕು, ಯಾರಿಗೆ ತೆಗೆದರೆ ಸಿಟ್ಟು. ಒಂದೂ ತಪ್ಪಿಲ್ಲ. ಈಗ ಮೂವತ್ತೊಂದು ಎನ್ನಬೇಕು, ಸೇತುವೆ ಪಕ್ಕದ ಮನೆಯ ಮುದುಕ ಡಿಸೆಂಬರಿನಲ್ಲಿ ತೀರಿಕೊಂಡ. ಪಟ್ಟಿಯನ್ನು ರಿತ್ಸುಕೊಗೆ ತೋರಿಸಿದೆ. 'ಹಳೇದೆಲ್ಲ ನೆನಪಿರುತ್ತೆ, ಹೊಸದು ಮಾತ್ರ ನಿಲ್ಲಲ್ಲ ಅಂತ ಡಾಕ್ಟ್ರು ಹೇಳಿರ್ಲಿಲ್ವಾ' ಎಂದಳು. ಹೌದು, ಹಾಗೆ ಹೇಳಿದ್ದರು. ಆದರೆ ತೊಮೆ ಅಜ್ಜಿ ಹೊಸ ಹಲ್ಲು ಕಟ್ಟಿಸಿಕೊಂಡಳೆಂದು ನಾನು ಅಕ್ಟೋಬರಿನಲ್ಲಿ ಒಂದು ಸಾಲು ಬರೆದಿದ್ದೆ. ನೀವು ಪಟ್ಟಿಯ ಕೊನೆಯಲ್ಲಿ, ಹಾಗಾದರೆ ಇನ್ನು ಅವಳಿಗೂ ಗಟ್ಟಿಯದನ್ನೇ ಕೊಡಬಹುದು ಎಂದು ಸೇರಿಸಿದ್ದೀರಿ. ಆ ಸಾಲಿನ ಮೇಲೆ ನನ್ನ ಹೆಬ್ಬೆರಳು ಇತ್ತು. ರಿತ್ಸುಕೊ ಅದನ್ನು ಓದಲಿಲ್ಲ.

ಗಾಡಿ ಹೇಗಿದೆ ಎಂದು ಕೇಳಿದ್ದೀರಿ. ಅದನ್ನು ಹೇಳುವ ಮೊದಲು ನಿಮಗೆ ಗೊತ್ತಿರುವುದನ್ನೇ ಸ್ವಲ್ಪ ಬರೆಯುತ್ತೇನೆ, ಒಂದರ ಪಕ್ಕ ಒಂದು ಇಟ್ಟು ನೋಡುವುದಕ್ಕೆ. ಹೋದ ವರ್ಷದ ಚಳಿಗಾಲದಲ್ಲಿ ನೀವು ಒಂದೇ ಮನೆಗೆ ಎರಡು ಸಲ ಹೋಗತೊಡಗಿದಿರಿ. ಒಂದು ದಿನ ಕಾಮಿದಾನಿಯ ಹಿಮದ ಗೋಡೆಗೆ ಗಾಡಿಯ ಮೂತಿ ಒತ್ತಿಕೊಂಡು, ಎಂಜಿನ್ ಆರಿಸದೆ, ಗಿರಾಕಿಗಳನ್ನು ಕರೆಯುವ ಹಾಡು ಧ್ವನಿವರ್ಧಕದಲ್ಲಿ ಬರುತ್ತಿರುವಂತೆಯೇ ನಿದ್ದೆ ಹೋಗಿದ್ದಿರಿ. ನವೆಂಬರಿನಿಂದ ಜನವರಿಯೊಳಗೆ ನಿಮಗೆ ಹತ್ತು ವರ್ಷ ವಯಸ್ಸಾಯಿತು ಎಂದು ಅಕ್ಕ ವಿಮಾನ ಹತ್ತಿ ಬಂದಳು. ನೆನಪಿನ ಪರೀಕ್ಷೆಗೆ ಕರೆದೊಯ್ದೆವು. ಗಡಿಯಾರ ಬಿಡಿಸಿ ಎಂದರೆ ನೀವು ಹನ್ನೆರಡೂ ಅಂಕಿಗಳನ್ನು ಬಲಗಡೆಗೇ ತುಂಬಿದಿರಿ. ಅಕ್ಕ ಹೊರಗೆ ಬಂದು ಅತ್ತಳು, ತಲೆ ಸಿಡಿಯುತ್ತಿದೆ ಎಂದಳು. ಮರುವಾರ ಪೊಲೀಸ್ ಠಾಣೆಯ ಕಿಟಕಿಯಲ್ಲಿ ನೀವು ಚಾಲನಾ ಪರವಾನಗಿಯನ್ನು ಹಿಂತಿರುಗಿಸಿದಿರಿ. ಐವತ್ತೆರಡು ವರ್ಷ ಓಡಿಸಿದ್ದಕ್ಕೆ ಗುರುತಾಗಿ ಅವರು ಒಂದು ಕಾರ್ಡು ಕೊಟ್ಟು ತಲೆಬಾಗಿದರು, ನೀವೂ ತಲೆಬಾಗಿದಿರಿ. ಮನೆಗೆ ಬರುವಾಗ ಹೇಳಿದ್ದು ಒಂದೇ ಮಾತು. 'ಈ ಗಾಡೀಲಿ ಕೂತ್ರೆ ತಲೆ ಭಾರ ಆಗುತ್ತೆ ಕಣೋ. ಇಳಿದ್ರೆ ಹಗುರ.' ಅಕ್ಕ, 'ಅಪ್ಪಾ, ಪಾಪ ಗಾಡಿ ಮೇಲೆ ಯಾಕೆ ಗೂಬೆ ಕೂರಿಸ್ತೀರಿ' ಎಂದಳು. ನಾವು ನಕ್ಕೆವು. ನೀವೂ ನಕ್ಕಿರಿ ಎಂದು ನನ್ನ ನೆನಪು. ಖಚಿತವಿಲ್ಲ.

ಅಕ್ಕ ನಿಮ್ಮನ್ನು ತನ್ನ ಊರಿಗೆ ಕರೆದೊಯ್ದಳು, ನಿಮ್ಮ ಸೀಟಿನಲ್ಲಿ ನಾನು ಕೂತೆ. ಅದು ನನಗೆ ಬೇಕಾಗಿತ್ತೇ ಎಂದು ಯಾರೂ ಕೇಳಲಿಲ್ಲ. ನೇಯ್ಗೆ ಕಾರ್ಖಾನೆ ಮುಚ್ಚಿ ಮೂರು ತಿಂಗಳಾಗಿತ್ತು. ಇಪ್ಪತ್ತೇಳು ವರ್ಷ ಮಗ್ಗದ ಸದ್ದಿನಲ್ಲಿದ್ದ ಮನುಷ್ಯ ಮನೆಯಲ್ಲಿ ಕೂತು ರಿತ್ಸುಕೊ ತರಕಾರಿ ಹೆಚ್ಚುವ ಸದ್ದು ಕೇಳುತ್ತಿದ್ದೆ. ನಿಮ್ಮ ಮರೆವು ನನಗೆ ಹೊಂದಿಬಂತು. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ವಸಂತ, ಬೇಸಿಗೆ, ಶರತ್ಕಾಲ ಮೂರೂ ಸುಸೂತ್ರವಾಗಿ ಕಳೆದವು. ಕಿಟಕಿ ಸದಾ ತೆರೆದಿರುತ್ತಿತ್ತು. ಡಿಸೆಂಬರಿನಲ್ಲಿ ಕಿಟಕಿ ಏರಿಸಿ ಹೀಟರ್ ಹಾಕಿದ ಮೇಲೆ ತಲೆನೋವು ಶುರುವಾಯಿತು. ನಾನು ಅದನ್ನು ಹಿಮದ ಬೆಳಕಿಗೆ, ಕನ್ನಡಕಕ್ಕೆ, ನನ್ನ ಐವತ್ತೊಂದು ವರ್ಷ ವಯಸ್ಸಿಗೆ ಹಂಚಿಹಾಕಿದೆ. ಜನವರಿಯಲ್ಲಿ ಒಂದು ಮಂಗಳವಾರ ತೊಮೆ ಅಜ್ಜಿಯ ಬಾಗಿಲಲ್ಲಿ ತೋಫು ಹಿಡಿದು ನಿಂತೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. 'ಏನೋ ಶಿಗೆಕಿ, ಈಗಷ್ಟೇ ಕೊಟ್ಟು ಹೋದ್ಯಲ್ಲೋ. ಅಪ್ಪನ ಕಾಯಿಲೆ ಮಗನಿಗೂ ಅಂಟ್ಕೊಂಡ್ತಾ?' ಎಂದು ಹೊಸ ಹಲ್ಲು ಪೂರ್ತಿ ಕಾಣುವಂತೆ ನಕ್ಕಳು. ನಾನೂ ನಕ್ಕೆ. ಮುಂದಿನ ಮನೆ ಯಾವುದೆಂದು ತಿಳಿಯದೆ ಗಾಡಿಯಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ.

ರಿತ್ಸುಕೊ ನನ್ನನ್ನು ನೋಡುವ ರೀತಿ ಬದಲಾಯಿತು. ಊಟ ಬಡಿಸುವಾಗ ಬಟ್ಟಲು ಇಟ್ಟ ಮೇಲೂ ಒಂದು ಕ್ಷಣ ಕೈ ಹಿಂತೆಗೆಯುತ್ತಿರಲಿಲ್ಲ. ನಾವು ನಿಮ್ಮನ್ನು ಹಾಗೆಯೇ ನೋಡುತ್ತಿದ್ದೆವು, ಅದರಿಂದ ನನಗೆ ಗುರುತು ಸಿಕ್ಕಿತು. ಒಂದು ಗುರುವಾರ, ರಜೆಯ ದಿನ, ಅವಳಿಲ್ಲದಾಗ ಅಡುಗೆಮನೆಯ ಮೇಜಿನಲ್ಲಿ ಕೂತು ಕಾಗದದ ಮೇಲೆ ಗಡಿಯಾರ ಬಿಡಿಸಿದೆ. ಸರಿಬಂತು. ಶುಕ್ರವಾರ ಗಾಡಿಯಿಂದ ಇಳಿದ ಕೂಡಲೇ ಇನ್ನೊಂದು ಬಿಡಿಸಿದೆ. ಅದನ್ನು ಒಲೆಗೆ ಹಾಕಿದೆ.

ಈ ತಿಂಗಳ ಕೊನೆಗೆ ಗಾಡಿಗೆ ಎರಡು ವರ್ಷಕ್ಕೊಮ್ಮೆಯ ಸರ್ಕಾರಿ ತಪಾಸಣೆ ಇದೆ. ಫೆಬ್ರವರಿಯಲ್ಲಿ ಕೆಳಗಿನಿಂದ ಸದ್ದು ಬರತೊಡಗಿತ್ತು; ಮಗ್ಗ ಕೆಡಿಸಿದ ನನ್ನ ಕಿವಿಗೂ ಕೇಳುವಷ್ಟಾದಾಗ ಈ ಗುರುವಾರ ಹೊರಿಗೊಮೆಯ ರಿಪೇರಿ ಶೆಡ್ಡಿಗೆ ಒಯ್ದೆ. ನಿಮ್ಮ ಈ ಗೆಳೆಯನಿಗೆ ಎಪ್ಪತ್ತು ದಾಟಿದರೂ ನಾಲಿಗೆಗೆ ತುಕ್ಕು ಹಿಡಿದಿಲ್ಲ. 'ಏನಪ್ಪಾ, ಟ್ರ್ಯಾಕ್ಟರ್ ಯಾವಾಗ ತಗೊಂಡೆ?' ಎಂದೇ ಬಾಗಿಲು ತೆರೆದ. ಗಾಡಿಯನ್ನು ಮೇಲಕ್ಕೆತ್ತಿದ. ಒಂದು ವರ್ಷ ಯಾವುದರ ಮೇಲೆ ಕೂತಿದ್ದೆನೋ ಅದರ ಕೆಳಗೆ ಮೊದಲ ಸಲ ನೆಟ್ಟಗೆ ನಿಂತು ನೋಡಿದೆ. ತಳವೆಲ್ಲ ಕಪ್ಪಗೆ, ಒಂದೇ ಸಮ, ಅಲ್ಲಲ್ಲಿ ಇನ್ನೂ ಹೊಳೆಯುತ್ತಿತ್ತು. ತಪಾಸಣೆಗೆ ಮುಂಚೆ ಹೊಟ್ಟೆ ತೊಳೆದು ಕಪ್ಪು ಬಳಿಯದ ಗಾಡಿ ನಮ್ಮ ಕಣಿವೆಯಲ್ಲಿ ಯಾವುದಿದೆ? ರಸ್ತೆ ನಡುವೆ ಚಿಮ್ಮುವ ಹಿಮ ಕರಗಿಸುವ ನೀರು, ಬೆಟ್ಟದ ದಾರಿಯ ಉಪ್ಪು, ಎರಡೂ ತಿನ್ನುತ್ತವೆ. ತಿಂದದ್ದು ಕಾಣಬಾರದೆಂದು ಬಳಿಯುತ್ತೇವೆ. ಎಲ್ಲರೂ ಬಳಿಯುವುದರಿಂದ ಅದಕ್ಕೆ ಮುಚ್ಚಿಡುವುದು ಎಂದು ಯಾರೂ ಹೆಸರಿಡುವುದಿಲ್ಲ.

'ಯಾರೋ ಇದು, ಮದುಮಗಳಿಗೆ ಬಳಿದ ಹಾಗೆ ಬಳಿದಿರೋದು?' ಎಂದ ಹೊರಿಗೊಮೆ. ನಾನೇ ಎಂದೆ. ಅವನು ಸಣ್ಣ ಸುತ್ತಿಗೆ ತೆಗೆದುಕೊಂಡು ಹಿಂದಿನಿಂದ ಮುಂದಕ್ಕೆ ಹೊಗೆಕೊಳವೆಯನ್ನು ತಟ್ಟುತ್ತ ಬಂದ. ಗಟ್ಟಿ ಇರುವ ಕಡೆ ಟಿಣ್ ಎಂದಿತು. ಸೈಲೆನ್ಸರಿನ ಬಳಿ ಡಬ್ ಎಂದಿತು. 'ಇಲ್ಲಿ ಕಬ್ಬಿಣ ಇಲ್ಲ, ಬರೀ ಬಣ್ಣ ಇದೆ.' ಹಾಗೇ ಮುಂದೆ ಬಂದು ಚಾಲಕನ ಸೀಟಿನ ಕೆಳಗೆ, ಎಂಜಿನ್ನಿಗೆ ಕೊಳವೆ ಸೇರುವ ಕಡೆ ತಟ್ಟಿದ. ಅಲ್ಲಿ ಯಾವ ಸದ್ದೂ ಬರಲಿಲ್ಲ, ಸುತ್ತಿಗೆಯ ಮೂತಿ ಒಳಗೆ ಹೋಯಿತು. ಕಪ್ಪು ಬಣ್ಣದ ಸಿಪ್ಪೆ, ಅದರಡಿಯಲ್ಲಿ ತೂತು ಮುಚ್ಚಲು ಸುತ್ತುವ, ಬಿಸಿಗೆ ಗಟ್ಟಿಯಾಗುವ ಮಣ್ಣಿನ ಪಟ್ಟಿಯ ಚೂರುಗಳು, ಅದರಡಿಯಲ್ಲಿ ಕಂದು ಪುಡಿ, ನನ್ನ ಕಾಲರಿನೊಳಗೆ ಉದುರಿದವು.

ಬಿಚ್ಚಲು ಇಡೀ ಬೆಳಗು ಹಿಡಿಯಿತು. ಬೋಲ್ಟುಗಳ ಮೂಲೆಗಳು ಸವೆದು ಕಾಳಿನಂತಾಗಿದ್ದವು, ಪಾನಾ ಹಿಡಿಯಲಿಲ್ಲ. ಅವನು ಬೆಂಕಿ ಹಿಡಿದು ಕೆಂಪಗೆ ಕಾಯಿಸಿದ, ನಾನು ತಿರುಗಿಸಿದೆ. ಎರಡು ಬಂದವು, ಒಂದು ತಿರುಗುತ್ತಲೇ ಮುರಿಯಿತು. 'ನಿಧಾನ ಮಾರಾಯ, ಅದೇನು ನಿನ್ನ ಮಾವನ ಮನೆ ಬಾಗಿಲಾ?' ಮುರಿದದ್ದನ್ನು ಕೊರೆದು ತೆಗೆಯುವಷ್ಟರಲ್ಲಿ ಊಟದ ಹೊತ್ತಾಗಿತ್ತು. ರಿತ್ಸುಕೊ ಕಟ್ಟಿಕೊಟ್ಟ ಅನ್ನದುಂಡೆಗಳನ್ನು ಗಾಡಿಯ ನೆರಳಲ್ಲೇ ಕೂತು ತಿಂದೆವು. ಹಾಕಲಿರುವ ಕೊಳವೆ, ಸೈಲೆನ್ಸರ್ ಎರಡೂ ಹಿಮವೇ ಬೀಳದ ಊರಿನ ಗುಜರಿ ಗಾಡಿಯವು. ಆ ಗಾಡಿಗೂ ನಮ್ಮದರಷ್ಟೇ, ಇಪ್ಪತ್ತೊಂದು ವರ್ಷವಂತೆ, ಆದರೆ ಬೆರಳಿನಿಂದ ಉಜ್ಜಿದರೆ ಲೋಹ ಕಾಣುತ್ತಿತ್ತು. 'ನೋಡು, ಬೆಚ್ಚಗಿನ ಊರಲ್ಲಿಟ್ರೆ ಕಬ್ಬಿಣಾನೂ ಮುದುಕ ಆಗಲ್ಲ. ನಿಮ್ಮಪ್ಪ ಹೇಗಿದ್ದಾನೆ?' ಎಂದ. ಚೆನ್ನಾಗಿದ್ದಾರೆ, ಚಿಗುರಿದ್ದಾರಂತೆ ಎಂದೆ.

ಊಟವಾದ ಮೇಲೆ ಅವನು ಗಾಡಿಯೊಳಗೆ ಹತ್ತಿ ಸೀಟು ಮಡಿಸಿ, ಎಂಜಿನ್ನಿನ ಮುಚ್ಚಳ ಎತ್ತಿ ನನ್ನನ್ನು ಕರೆದ. ಮುಚ್ಚಳದ ಅಂಚಿನ ರಬ್ಬರು ಒಣಗಿ ಸೀಳಿತ್ತು. ಆ ಸೀಳಿನಿಂದ ಒಳಭಾಗಕ್ಕೆ, ನಿಮ್ಮ ಸೀಟಿನ ತಳದ ಬಟ್ಟೆಯವರೆಗೆ, ಮಸಿಯ ಒಂದು ನಾಲಿಗೆ ಚಾಚಿತ್ತು. 'ಹೊಗೆ ಎಲ್ಲಿಗೆ ಹೋಗ್ತಿತ್ತು ಗೊತ್ತಾಯ್ತಾ? ಸೀದಾ ನಿನ್ನ ಅಂಡಿನ ಕೆಳಗಿಂದ ಮೂಗಿಗೆ.' ವಾಸನೆ ಬರಲಿಲ್ಲವೇ ಎಂದು ಕೇಳಿದ. ಕರಿದ ತೋಫು, ಒಣಮೀನು, ಎಣ್ಣೆಯ ಡಬ್ಬಿ ತುಂಬಿದ ಗಾಡಿಯಲ್ಲಿ ಯಾವ ವಾಸನೆ ಯಾವುದೆಂದು ಹೇಳಲಿ. ಅವನು ಆ ಮಸಿಯನ್ನು ಬೆರಳಿನಿಂದ ಒರೆಸಿ, ಬೆರಳನ್ನು ಬಹಳ ಹೊತ್ತು ನೋಡಿದ. ಈ ಸಲ ತಮಾಷೆ ಮಾಡಲಿಲ್ಲ. 'ಇದು ಒಂದು ಚಳಿಗಾಲದ್ದಲ್ಲ ಕಣೋ. ಎರಡರದ್ದು. ಈ ಹೊಗೆ ಕುಡಿದವನಿಗೆ ಮಂಪರು ಬರುತ್ತೆ, ಮರೆವು ಬರುತ್ತೆ. ತಲೆನೋವು ಬರ್ತಿತ್ತಾ ನಿಂಗೆ?'

ಇಲ್ಲ ಎಂದೆ. ಯಾಕೆ ಹಾಗೆಂದೆನೋ. ಹೌದು ಎಂದಿದ್ದರೆ ಮುಂದಿನ ಪ್ರಶ್ನೆ ನಿಮ್ಮ ಬಗ್ಗೆ ಇರುತ್ತಿತ್ತು.

ಸಂಜೆಯೊಳಗೆ ಎಲ್ಲ ಜೋಡಿಸಿದೆವು. ಹೊಸ ರಬ್ಬರು, ಹೊಸ ಬೋಲ್ಟು. ಕಪ್ಪು ಬಳಿಯಲೇ ಎಂದು ಕೇಳಿದ, ಬೇಡ ಎಂದೆ. ಎಂಜಿನ್ ಚಾಲೂ ಮಾಡಿದಾಗ ಅಷ್ಟು ಮೆತ್ತಗಿತ್ತು ಎಂದರೆ ನನಗೆ ಕೇಳಿಸಲೇ ಇಲ್ಲ, ಸ್ಟೇರಿಂಗ್ ಮೇಲೆ ಕೈಯಿಟ್ಟು ನಡುಕದಿಂದ ತಿಳಿದುಕೊಂಡೆ. ಶುಕ್ರವಾರ ಬೇಕೆಂದೇ ಕಿಟಕಿಗಳನ್ನೆಲ್ಲ ಮುಚ್ಚಿ, ಹೀಟರ್ ಹಾಕಿ, ನಿಮ್ಮ ಪಟ್ಟಿಯನ್ನು ಜೇಬಿನಿಂದ ತೆಗೆಯದೆ ಪೂರ್ತಿ ಸುತ್ತು ಹಾಕಿದೆ. ಮೂವತ್ತೊಂದು ಮನೆ. ತೊಮೆ ಅಜ್ಜಿಗೆ ಗಟ್ಟಿಯದನ್ನೇ ಕೊಟ್ಟೆ. 'ಇವತ್ತು ಮುಖದಲ್ಲಿ ಸ್ವಲ್ಪ ಮನುಷ್ಯ ಕಾಣ್ತಿದ್ದಾನೆ' ಎಂದಳು. ಮನೆಗೆ ಬಂದು ಗಡಿಯಾರ ಬಿಡಿಸಿದೆ, ಸರಿಯಾಗಿತ್ತು. ತಲೆ ಹಗುರವಾಗಿತ್ತು. ಸಂತೋಷವಾಗಲಿಲ್ಲ. ನನಗೆ ಕಾಯಿಲೆ ಇಲ್ಲ ಎಂಬುದು ಖಚಿತವಾದ ಕ್ಷಣದಲ್ಲೇ ಇನ್ನೊಂದು ವಿಷಯವೂ ಖಚಿತವಾಯಿತು, ಮತ್ತು ಎರಡನೆಯದು ದೊಡ್ಡದು.

ಗಾಡಿಯ ವಿಷಯ ಇಷ್ಟು. ತಪಾಸಣೆ ಇಪ್ಪತ್ತಾರಕ್ಕೆ. ಅಕ್ಕನಿಗೆ, ಭಾವನಿಗೆ ನನ್ನ ನಮಸ್ಕಾರ ತಿಳಿಸಿ. ಮಂಡಿಗೆ ರಿತ್ಸುಕೊ ಒಂದು ಉಣ್ಣೆಯ ಪಟ್ಟಿ ಹೆಣೆದಿದ್ದಾಳೆ, ಅಲ್ಲಿ ಸೆಕೆಯಾದರೂ ರಾತ್ರಿ ಹಾಕಿಕೊಳ್ಳಿ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಿರಿ. ದೇಹ ಜೋಪಾನ.

ನಿಮ್ಮ
ಶಿಗೆಕಿ

ಮರೆತ ಮಾತು: ಲಕೋಟೆ ಅಂಟಿಸಿ ಮತ್ತೆ ಹರಿದೆ. ಈ ಭಾಗವನ್ನು ಅಕ್ಕನಿಗೆ ತೋರಿಸುವುದು ಬೇಡ, ನೀವೊಬ್ಬರೇ ಓದಿ. ಅಕ್ಕನಿಗೆ ನಾನೇ ಹೇಳುತ್ತೇನೆ, ನಿಮಗೆ ತಿಳಿದ ಮೇಲೆ. ಅಪ್ಪಾ, ನಿಮಗೆ ಏನೂ ಆಗಿರಲಿಲ್ಲ. ಆ ಪರೀಕ್ಷೆಯ ದಿನ ನೀವು ಬೆಳಗಿನ ಸುತ್ತು ಮುಗಿಸಿದ ಮೇಲೆ ಕೆಳಗಿಳಿಯಲೂ ಬಿಡದೆ ಅದೇ ಗಾಡಿಯಲ್ಲಿ, ಕಿಟಕಿ ಮುಚ್ಚಿಕೊಂಡು, ನಲವತ್ತು ನಿಮಿಷ ಓಡಿಸಿಕೊಂಡು ಹೋದವನು ನಾನು. ಅಕ್ಕನ ತಲೆನೋವು ಅತ್ತದ್ದರಿಂದ ಬಂದದ್ದಲ್ಲ. ಪರವಾನಗಿಯ ಬಗ್ಗೆ ವಿಚಾರಿಸಿದೆ. ಒಮ್ಮೆ ಹಿಂತಿರುಗಿಸಿದ್ದು ಮರಳಿ ಬರುವುದಿಲ್ಲವಂತೆ, ಮೊದಲಿನಿಂದ ಕಲಿತು ಪರೀಕ್ಷೆ ಕಟ್ಟಬೇಕಂತೆ, ನಿಮ್ಮ ಎಪ್ಪತ್ತೇಳನೇ ವಯಸ್ಸಿನಲ್ಲಿ. ಅದನ್ನು ನಾನು ಸರಿಮಾಡಲಾರೆ. ಗಡಿಯಾರವನ್ನು ಮಾತ್ರ ಇನ್ನೊಮ್ಮೆ ಬಿಡಿಸಬಹುದು. ಅಲ್ಲಿನ ಡಾಕ್ಟರ ಬಳಿ ನಡೆದೇ ಹೋಗಿ. ಆಮೇಲೆ, ನಿಮಗೆ ಮನಸ್ಸಿದ್ದರೆ, ಬನ್ನಿ. ಪಕ್ಕದ ಸೀಟಿನಿಂದ ಡಬ್ಬಿಗಳನ್ನು ತೆಗೆದಿಟ್ಟಿದ್ದೇನೆ. ಹಳೆಯ ಕೊಳವೆಯನ್ನು ಗುಜರಿಗೆ ಕೊಟ್ಟಿಲ್ಲ, ಜಗಲಿಯಲ್ಲಿದೆ. ಎರಡು ವರ್ಷದ ಹಿಂದೆ ಇದೇ ಮಾರ್ಚಿನಲ್ಲಿ ನಾನು ಗಾಡಿಯಡಿ ಮಲಗಿ ಅದರ ತೂತಿಗೆ ಆ ಮಣ್ಣಿನ ಪಟ್ಟಿ ಸುತ್ತಿ ಕಪ್ಪು ಬಳಿಯುತ್ತಿದ್ದಾಗ ನೀವು ಅದೇ ಜಗಲಿಯಿಂದ, 'ತಟ್ಟಿ ನೋಡಿದ್ಯೇನೋ?' ಎಂದು ಕೇಳಿದಿರಿ. ಸುತ್ತಿಗೆಗಾಗಿ ಮೇಲೆ ಬರಲು ಬೇಜಾರಾಗಿ, ನೋಡಿದೆ ಎಂದೆ. ನೋಡಿರಲಿಲ್ಲ.