ಹದಿನಾಲ್ಕನೇ ಕಂತಿನ ಒಂದು ನಗು

ಹೊಸ ಗದಗ, ಇಸವಿ 2417, ಫೆಬ್ರವರಿ ಮೂವತ್ತೊಂದು

‘ಮಧ್ಯದ ಗೋಡೆ’ ಹಾಸ್ಯ ಧಾರಾವಾಹಿಗೆ ಧ್ವನಿ ಜೋಡಿಸುವವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಾವು ಎಲ್ಲ ತಿಂಗಳಿಗೂ ಮೂವತ್ತೊಂದು ದಿನ ಕೊಟ್ಟಿದ್ದೇವೆ. ಹೆಚ್ಚಿನ ದಿನ ಎಲ್ಲಿಂದ ಬಂತೆಂದು ಯಾರೂ ಕೇಳಿಲ್ಲ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡ ನಾನು ಕಲಿತದ್ದು ನಿಮ್ಮ ಧಾರಾವಾಹಿಯ ಹದಿನಾಲ್ಕು ಕಂತುಗಳಿಂದ. ಉಳಿದಿರುವುದೇ ಅಷ್ಟು.

ನಿಮ್ಮವರ ಸಂಸಾರದ ಬಗ್ಗೆ ನಮಗೆ ಸಿಕ್ಕಿದ್ದೂ ಅದೊಂದೇ. ಹಾಗಾಗಿ ನಮ್ಮ ಹಿರಿಯರು ಅದನ್ನೇ ಕಾನೂನು ಮಾಡಿದರು. ವಿಚ್ಛೇದನ ಬೇಕೆಂದವರು, ನಿಮ್ಮ ಧಾರಾವಾಹಿಯ ಗಂಡ ಹೆಂಡತಿ ಪಾಂಡು ಮತ್ತು ವೈಜಯಂತಿಯ ಹಾಗೆ, ಒಂದೇ ಮನೆಗೆ ನಡುವೆ ಗೋಡೆ ಹಾಕಿಕೊಂಡು ತೊಂಬತ್ತು ದಿನ ಇರಬೇಕು. ಇದಕ್ಕೆ ಗೋಡೆಗಾಲ ಅನ್ನುತ್ತೇವೆ. ಒಲೆ ಎರಡು, ನಲ್ಲಿ ಒಂದು, ಗೋಡೆಯಲ್ಲಿ ಊಟದ ತಟ್ಟೆಯಷ್ಟು ಕಿಟಕಿ. ಕಂತುಗಳಲ್ಲಿ ಇವರು ಮಾತಾಡಿದಾಗಲೆಲ್ಲ ಕಣ್ಣಿಗೆ ಕಾಣದ ಜನ ನಗುತ್ತಾರಲ್ಲ, ಅವರು ನೆರೆಹೊರೆಯವರೆಂದು ಹಿರಿಯರು ತಿಳಿದರು. ಆದ್ದರಿಂದ ಪ್ರತಿ ಗೋಡೆಮನೆಗೂ ಐದು ಜನ ನಗೆಗಾರರು. ಅವರು ಪರದೆಯ ಹಿಂದೆ ಕೂತು, ಕಂತಿನಲ್ಲಿ ಎಂಥ ಮಾತಿಗೆ ನಗು ಬರುತ್ತದೋ ಅಂಥ ಮಾತಿಗೆ ನಗಬೇಕು.

ಅದೇ ನನ್ನ ಕಸುಬು. ಓದು ನನಗೆ ಹತ್ತಲಿಲ್ಲ, ಗಂಟಲು ಕೈಹಿಡಿಯಿತು. ಇನ್ನೂರ ಹನ್ನೆರಡು ಮನೆಗಳಲ್ಲಿ ನಕ್ಕಿದ್ದೇನೆ, ಆಮೇಲೆ ನಗುವುದನ್ನು ಕಲಿಸಿದ್ದೇನೆ. ಅವುಗಳಲ್ಲಿ ಗೋಡೆ ಕೆಡವಿ ಒಂದಾದವು ಮೂವತ್ತೊಂದು. ಹದಿನಾಲ್ಕನೇ ಕಂತಿನಲ್ಲಿ ಪಾಂಡು ಕಿಟಕಿಗೆ ಬಂದು, ನೀನಿಲ್ಲದೆ ಸಾರಿನ ಉಪ್ಪು ಅಂದಾಜು ಸಿಗ್ತಿಲ್ಲ ಕಣೇ ಅಂತಾನೆ. ಎಲ್ಲಕ್ಕಿಂತ ದೊಡ್ಡ ನಗು ಅಲ್ಲಿದೆ. ಗಂಡಸು ಸೋತು ಮಾತಾಡಿದಾಗ ಹೊಟ್ಟೆಯಿಂದ ನಗಿ ಎಂದು ನಾನೇ ಪಾಠ ಮಾಡಿದ್ದೆ.

ಇನ್ನೂರ ಹದಿಮೂರನೆಯದು ನನ್ನ ಮನೆ. ನನ್ನ ಗಂಡ ಬಸವಂತ ಪಂಪು ರಿಪೇರಿಯವರು, ಮಾತು ಕಡಿಮೆ. ಇಬ್ಬರ ಪಾಲಿನದನ್ನೂ ನಾನೇ ಆಡಿಬಿಡುತ್ತೇನೆ ಅನ್ನುವುದೇ ಅವರ ದೂರು. ಅರವತ್ತೊಂದನೇ ದಿನ, ಕೈಯಲ್ಲಿ ಖಾಲಿ ಲೋಟ ಹಿಡಿದು ಕಿಟಕಿಗೆ ಬಂದರು.

“ಶಿವಲೀಲಾ, ನಿನ್ನ ಬೈಗುಳ ಇಲ್ಲದ ಮನೇಲಿ ನಂಗೆ ಹೊತ್ತೇ ಹೋಗ್ತಿಲ್ಲ. ಈ ಗೋಡೆ ಸಾಕು ಕಣೇ.”

ನಾನೇ ತಯಾರು ಮಾಡಿದ ಐವರೂ ನಕ್ಕರು. ಒಂದು ಉಸಿರೂ ತಪ್ಪಲಿಲ್ಲ. ಬಸವಂತ ನನ್ನ ಮುಖ ನೋಡಿದರು. ಅಭ್ಯಾಸದ ಗಂಟಲು ನೋಡಿ, ನಾನೂ ನಕ್ಕುಬಿಟ್ಟೆ. ಕಿಟಕಿ ಮುಚ್ಚಿದರು. ತೊಂಬತ್ತನೇ ದಿನ ಸಹಿ ಹಾಕಿ ಹೊರಟುಹೋದರು.

ಕಳೆದ ತಿಂಗಳು ಹಳೆಯ ಪೆಟ್ಟಿಗೆಯೊಂದರಲ್ಲಿ ನಿಮ್ಮ ಕೈಬರಹದ ಚೀಟಿ ಸಿಕ್ಕಿತು: ‘ಕಂತು ಹದಿನಾಲ್ಕು, ಉಪ್ಪಿನ ಮಾತು, ಇಲ್ಲಿ ಆರನೇ ನಗು ಅಂಟಿಸಿ.’ ಅಂದರೆ ಅವು ಮೊದಲೇ ಮುದ್ರಿಸಿಟ್ಟ ನಗುಗಳು, ಅಲ್ಲಿ ನೆರೆಹೊರೆಯವರು ಯಾರೂ ಇರಲಿಲ್ಲ. ನಗು ಎಣಿಸಿ ಎಣಿಸಿ ಕಲಿಸಿದವಳು ನಾನು, ಮೊದಲೇ ಹಿಡಿಯಬೇಕಿತ್ತು. ನಕ್ಕು ಕೊನೆಗೆ ಬಿಕ್ಕಳಿಸುವ ಅದೇ ಹೆಂಗಸು ಹದಿನಾಲ್ಕು ಕಂತಿನಲ್ಲಿ ಅರವತ್ತಮೂರು ಸಲ, ಒಂದೇ ಥರ ಬಿಕ್ಕಳಿಸುತ್ತಾಳೆ.

ನಮ್ಮ ಟಪಾಲು ಹಿಂದಿನ ಕಾಲಕ್ಕೂ ಹೋಗುತ್ತದೆ, ಯಾವ ದಿನ ಮುಟ್ಟುತ್ತದೋ ಹೇಳಲಾಗದು. ನೀವು ಆ ಕಂತಿನ ಕೆಲಸಕ್ಕೆ ಇನ್ನೂ ಕೂತಿಲ್ಲವಾದರೆ, ಆರನೇ ನಗುವನ್ನು ಅಲ್ಲಿ ಅಂಟಿಸಬೇಡಿ. ಬೇರೆಯವೆಲ್ಲ ಇರಲಿ, ನಮ್ಮ ಕಸುಬಿನವರ ಹೊಟ್ಟೆಪಾಡು. ಅದೊಂದು ಜಾಗ ಸುಮ್ಮನಿರಲಿ. ಆಗ ನಮ್ಮ ಹಿರಿಯರು ಅಲ್ಲಿ ಸುಮ್ಮನಿರುವುದನ್ನೇ ಕಾನೂನು ಮಾಡಿರುತ್ತಾರೆ, ನಾನೂ ಅದನ್ನೇ ಕಲಿಸಿರುತ್ತೇನೆ, ಬಸವಂತರಿಗೆ ನಗುವಿನ ಬದಲು, ಒಳಗೆ ಬನ್ನಿ ಅನ್ನುವ ನನ್ನ ಉತ್ತರ ಕೇಳಿಸಿರುತ್ತದೆ.

ಹಾಗಾದರೆ ನನಗೆ ಈ ಕಾಗದ ಬರೆಯುವ ಕಾರಣವೇ ಇರುವುದಿಲ್ಲ, ಇದರ ಮೇಲೆ ಅಕ್ಷರಗಳೂ ಇರುವುದಿಲ್ಲ. ನಿಮ್ಮ ಮೇಜಿನ ಮೇಲೆ ಒಂದು ಖಾಲಿ ಹಾಳೆ ಬಿದ್ದಿದ್ದರೆ, ಯಾರು ಇಟ್ಟರೆಂದು ಹುಡುಕಬೇಡಿ. ಬಸವಂತ ಒಳಗೆ ಬಂದರು ಎಂದು ಓದಿಕೊಳ್ಳಿ.

ಶಿವಲೀಲಾ