ಬಿಚ್ಚಬಾರದೆಂದ ಪೆಟ್ಟಿಗೆಯಲ್ಲಿ ಯಾರಿದ್ದರು?

ಸೈನಿಕರ ಮನೆಯವರ ಯೋಗಕ್ಷೇಮ ನೋಡುವ ಕಚೇರಿಯ ಮಾನ್ಯ ಅಧಿಕಾರಿಗಳೇ,

ಕಳೆದ ಮಾಘದಲ್ಲಿ ನನ್ನ ಮಗನೆಂದು ಹೇಳಿ ಮೊಳೆ ಹೊಡೆದ ಪೆಟ್ಟಿಗೆಯೊಂದನ್ನು ಒಪ್ಪಿಸಿದಿರಿ. ಅದರೊಳಗೆ ಯಾರಿದ್ದರೆಂದು ಇಂದಿಗೂ ಹೇಳಿಲ್ಲ. ಮೂರು ಸಲ ಅರ್ಜಿ ಕೊಟ್ಟೆ. ಮೂರಕ್ಕೂ 'ಪರಿಶೀಲನೆಯಲ್ಲಿದೆ' ಎಂಬ ಒಂದೇ ಉತ್ತರ, ಅದೂ ತಮಿಳಿನಲ್ಲಿ; ಕನ್ನಡದ ನಮ್ಮೂರು ತಮಿಳುನಾಡಿಗೆ ಸೇರಿದೆಯಲ್ಲ. ನಾನು ಹೈಸ್ಕೂಲು ಓದಿದವಳು. ನುಣುಚಿಕೊಳ್ಳುವ ಮಾತು ಎರಡು ಭಾಷೆಯಲ್ಲೂ ತಿಳಿಯುತ್ತದೆ. ಆದ್ದರಿಂದ ಈ ಕಾಗದ ಪತ್ರಿಕೆಗೆ ಹೋಗುತ್ತಿದೆ.

ನನ್ನ ಮಗ ಹವಾಲ್ದಾರ್ ಸಿದ್ದಮಲ್ಲಪ್ಪ ಯುದ್ಧದಲ್ಲಿ ಸತ್ತವನಲ್ಲ. ರಜೆ ಹಾಕಿ ಊರಿಗೆ ಹೊರಟವನು ಪಂಜಾಬಿನ ಒಂದು ಬಸ್ ನಿಲ್ದಾಣದಲ್ಲಿ ಕೂತಿದ್ದ. ಯಾರೋ ಬೆಂಚಿನಡಿ ಬಾಂಬಿಟ್ಟು ಹೋಗಿದ್ದರು. ಜೊತೆಗೆ ಇನ್ನೊಬ್ಬ ಸಿಪಾಯಿ, ಟೀ ಮಾರುವವನು, ಮದುವೆಗೆ ಹೊರಟಿದ್ದ ಒಂದು ಸಂಸಾರ ಸತ್ತರೆಂದು ಪೆಟ್ಟಿಗೆಯ ಜೊತೆ ಬಂದ ಸಿಪಾಯಿಯೇ ಹೇಳಿದ. ಅಷ್ಟು ಜನ ಒಂದೇ ಗಳಿಗೆಯಲ್ಲಿ ಛಿದ್ರವಾದ ಕಡೆ ಇವರು ಯಾರು, ಅವರು ಯಾರು ಎಂದು ಬೇರ್ಪಡಿಸಿದ್ದು ಹೇಗೆ? ಸಮವಸ್ತ್ರ ನೋಡಿಯೇ? ಅವನು ಸಮವಸ್ತ್ರದಲ್ಲಿರಲಿಲ್ಲ ಎಂದು ಪೆಟ್ಟಿಗೆಯ ಜೊತೆ ಕೊಟ್ಟ ನಿಮ್ಮ ಪತ್ರವೇ ಹೇಳುತ್ತದಲ್ಲ!

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಕೂರಿಸಿ, ಕೊರಳ ಲಿಂಗವನ್ನು ಎಡಗೈಯಲ್ಲಿಟ್ಟು, ವಿಭೂತಿ ಪತ್ರೆ ತುಂಬಿ ಸಮಾಧಿ ಮಾಡುತ್ತೇವೆ. ತಂತಿ ಬಂದೊಡನೆ ಹಾಗೆಯೇ ಆಳವಾದ ಚೌಕ ಗುಣಿ ತೆಗೆಸಿದ್ದೆ. ಬಂದದ್ದು ಆರಡಿ ಉದ್ದದ ಪೆಟ್ಟಿಗೆ, ಇಳಿಯಲಿಲ್ಲ. ಊರೆಲ್ಲ ನೋಡುತ್ತಿರುವಾಗ ಗುಣಿಯನ್ನು ಮತ್ತೆ ಉದ್ದಕ್ಕೆ ಅಗೆಯಬೇಕಾಯಿತು. ಮಠದ ಜಡೇಸ್ವಾಮಿಗಳು ಕೈಚಾಚಿ, "ಲಿಂಗ ಎಲ್ಲವ್ವ?" ಎಂದರು. "ಬಿಚ್ಚೋಕೆ ಆರ್ಡರಿಲ್ಲ. ಗುಣಿ ಯಾವ್ದಾದ್ರೇನಮ್ಮ?" ಎಂದ ನಿಮ್ಮ ಗುಮಾಸ್ತ. ನಲವತ್ತು ವರ್ಷ ಈ ಊರಲ್ಲಿ ನನಗೆ ಎದುರಾಡಿದವರಿಲ್ಲ. ಅಂದು ಬಾಯಿ ಮುಚ್ಚಿಕೊಂಡೆ. ಆ ತಪ್ಪು ನನ್ನದು.

ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ತಾಳಮಲೆಯ ಕೇತನೂ ಒಬ್ಬ. ನಮ್ಮ ಹೊಲದಲ್ಲಿ ಮಗನ ಜೊತೆ ದುಡಿದವನು. ಹಿತ್ತಿಲಿಗೆ ಬಂದು, "ಅಮ್ಮಾರೆ, ಬಾಳ ಅಗುರ ಅದ ಕಣಮ್ಮ. ನಮ್ ಸಿದ್ದಪ್ನೋರು ಇಷ್ಟ್ ಅಗುರ ಇದ್ರಾ? ಜರ ಬಂದಾಗ ಅವರ್ನ ಒತ್ಕಂಡು ಅಳ್ಳ ದಾಟಿವ್ನಿ ನಾನು" ಎಂದ.

"ಸುಮ್ನಿರ್ಲಾ, ಅವನ ಎಂಡ್ರು ಕೇಳಿಸ್ಕಂಡಾಳು."

ಕೇಳಿಸಿಕೊಂಡಿದ್ದಳು. ಅಂದಿನಿಂದ ಸೊಸೆ ಶಾಂತಮಲ್ಲಮ್ಮ ತಾಳಿ ತೆಗೆಯಲು ಒಪ್ಪಿಲ್ಲ. "ಪೆಟ್ಗೆನೇ ಬಿಚ್ನಿಲ್ವಲ್ಲತ್ತೆ, ತಾಳಿ ಯಾಕ ಬಿಚ್ಲಿ?" ಎನ್ನುತ್ತಾಳೆ. ಊರವರು ಆಡಿಕೊಳ್ಳುತ್ತಾರೆ. ಅವಳಿಗೆ ಕೊಡುವ ಉತ್ತರ ನಿಮ್ಮಲ್ಲಿದೆಯೇ?

ಅವನು ಬದುಕಿದ್ದಾನೆಂದು ನಾನು ಹೇಳುತ್ತಿಲ್ಲ, ಅಷ್ಟು ಹುಚ್ಚಿಯಲ್ಲ. ಬಾಂಬಿಟ್ಟ ಪಾಪಿಗೆ ಕಾಗದ ಬರೆಯೋಣವೆಂದರೆ ಅವನಿಗೆ ವಿಳಾಸವಿಲ್ಲ. ನಿಮಗಿದೆ. ಪೆಟ್ಟಿಗೆಗಳ ಮೇಲೆ ಹೆಸರು ಬರೆಯಲು ಅವಸರಪಟ್ಟಿರೆಂಬುದು ನನ್ನ ಸಂಶಯ. ಆ ಟೀ ಮಾರುವವನನ್ನು ನಾನಿಲ್ಲಿ ಹೂತು, ನನ್ನ ಮಗನನ್ನು ಅವನ ತಾಯಿ ಅಲ್ಲಿ ಸುಟ್ಟಿದ್ದರೆ? ಅವಳಿಗೂ 'ಪರಿಶೀಲನೆಯಲ್ಲಿದೆ' ಎಂದೇ ಬರೆಯುವಿರಾ?

ಆ ಪೆಟ್ಟಿಗೆಗೆ ಮೊಳೆ ಹೊಡೆದವನು ಒಳಗೆ ಕಂಡದ್ದನ್ನು ಬರೆದು ಸಹಿ ಹಾಕಿ ಕಳಿಸಲಿ. ಮಗನ ಕೊರಳಿನ ಲಿಂಗ ಸಿಕ್ಕಿದ್ದರೆ ಒಪ್ಪಿಸಿ. ಇಲ್ಲವಾದರೆ ಇಲ್ಲವೆಂದು ಬರೆಯಿರಿ. ಅದೂ ಆಗದಿದ್ದರೆ ಪೆಟ್ಟಿಗೆ ತೆರೆಯಲು ಆರ್ಡರ್ ಕೊಡಿ. ನಾನೇ ನಿಂತು ನೋಡುತ್ತೇನೆ. ನನ್ನವನಾದರೆ, ಕೂರಿಸುವಷ್ಟು ಉಳಿದಿರದಿದ್ದರೂ ಲಿಂಗವಿಟ್ಟು ಮುಚ್ಚುತ್ತೇನೆ. ಬೇರೆಯವಳ ಮಗನಾದರೆ ಅವಳಿಗೆ ತಲುಪಿಸಿ.

ಇಂತಿ,
ಪೆಟ್ಟಿಗೆ ತಲುಪಿತೆಂದು ಮಾತ್ರ ಸಹಿ ಹಾಕಿರುವ
ಗುರುಲಿಂಗಮ್ಮ
ದೊಡ್ಡಗಾಜನೂರು, ಆಗಸ್ಟ್ 1987